ಒಂದೇ ಮುಖದ ನಾಣ್ಯ

ನಾಣ್ಯ ಮೂರನೆಯ ಕುರ್ಚಿ ದಾಟಿತ್ತು. ಇನ್ನು ನಾಲ್ಕು ಕೈ, ಆಮೇಲೆ ತನ್ನ ಸರದಿ ಎಂದುಕೊಂಡ ಬಸ್ತಿಯಾನ್.

ಅಪ್ಪನ ಎಂಬತ್ತನೆಯ ಹುಟ್ಟುಹಬ್ಬ. ಮಿಡಲ್‌ಬರ್ಗ್ ಊರಿನ ಮನೆಯಲ್ಲಿ ಕುರ್ಚಿಗಳು ಎಂದಿನಂತೆ ದುಂಡಗೆ. ಅಲ್ಲಿನ ರೂಢಿಯಂತೆ ಬಂದವರು ಅಪ್ಪನಿಗಷ್ಟೇ ಅಲ್ಲ, ಕೂತ ಒಬ್ಬೊಬ್ಬರ ಕೈಯನ್ನೂ ಕುಲುಕಿ ಅಭಿನಂದನೆ ಹೇಳಬೇಕು. ಆಮೇಲೆ ಕಾಫಿ, ಒಂದೇ ಒಂದು ತುಂಡು ಕೇಕ್. ಕೊನೆಗೆ ನಾಣ್ಯ: ನಾಲ್ಕು ನೂರು ವರ್ಷದ, ನಾಲ್ಕು ಮೂಲೆಯ ಚಿನ್ನದ ಬಿಲ್ಲೆ.

“ಊರಿಗೆ ಮುತ್ತಿಗೆ ಬಿದ್ದಾಗ ನಮ್ಮ ಹಿರೀಕ ಇಲಿ ತಿಂದ,” ಅಪ್ಪ ಶುರು ಮಾಡಿದರು. “ಆದ್ರೆ ಸ್ಪೇನಿನ ದೊರೆಗೆ, ಅವನ ಪಾದ್ರಿಗಳಿಗೆ ಬಾಗ್ಲು ತೆಗೀಲಿಲ್ಲ. ಆ ನಿಷ್ಠೆಗೆ ಸಿಕ್ಕಿದ್ದು ಇದು.”

“ವರ್ಷಕ್ಕೊಂದು ಇಲಿ ಜಾಸ್ತಿ ಆಗ್ತಿದೆ, ಅಪ್ಪಾ,” ಎಂದಳು ತಂಗಿ ಯಕೋಮಿನಾ. ಎಲ್ಲರೂ ನಕ್ಕರು. ಬಸ್ತಿಯಾನನೂ ನಕ್ಕ.

ಹಳೆಯ ನಾಣ್ಯಗಳ ಪಂಡಿತ ಅವನು. ಶಾಲೆಯಲ್ಲಿ ಕಲಿಸುವ ಮುತ್ತಿಗೆಯ ಕಥೆಗಳೆಲ್ಲ ಒಂದೇ: ಒಳಗಿದ್ದವರು ನಾವು, ಹೊರಗಿದ್ದವರು ಅವರು. ಈ ಊರಿನಲ್ಲಿ ಮಾತ್ರ ಅದು ತಿರುವುಮುರುವು. ಒಳಗಿದ್ದದ್ದು ಸ್ಪೇನಿನ ಕ್ಯಾಥೊಲಿಕ್ ದೊರೆಯ ದಂಡು. ಹೊರಗಿನಿಂದ ಮುತ್ತಿದವರು ಅಪ್ಪನ ಪಂಥದ ಪ್ರೊಟೆಸ್ಟೆಂಟರು. ಒಳಗಿನ ದಂಡಿನ ಸಂಬಳಕ್ಕೆಂದು ಅಚ್ಚು ಹಾಕಿದ್ದು ಈ ಚಿನ್ನ. ‘ದೇವರಿಗೆ, ದೊರೆಗೆ, ನಾಡಿಗೆ ನಿಷ್ಠ’ ಎಂಬ ಲ್ಯಾಟಿನ್ ಮಾತಿನ ಮೊದಲಕ್ಷರಗಳು ಅದರ ಮೇಲೆಯೇ ಇವೆ. ಆ ಹಿರೀಕ ತಪ್ಪದೆ ಕ್ಯಾಥೊಲಿಕರ ಬಲಿಪೂಜೆಗೆ ಹೋಗುತ್ತಿದ್ದವನೇ ಇರಬೇಕು.

ಇಪ್ಪತ್ತು ವರ್ಷದ ಹಿಂದೆ, ಒಡೀಲಿಯಾ ಎಂಬ ಕ್ಯಾಥೊಲಿಕ್ ಹುಡುಗಿಯನ್ನು ಮದುವೆಯಾಗುತ್ತೇನೆ ಎಂದಾಗ, ಅಪ್ಪ ಇದೇ ನಾಣ್ಯವನ್ನು ಮೇಜಿನ ಮೇಲೆ ಕುಕ್ಕಿದ್ದರು. “ಇದನ್ನ ನೋಡ್ಕೊಂಡು ಹೇಳು.” ಅವನು ನೋಡಿದ. ಆಗಲೇ ಓದಬಲ್ಲವನಾಗಿದ್ದ, ಓದಿದ. ಬಾಯಿ ಬಿಡಲಿಲ್ಲ. ಅಪ್ಪನ ಹಟದ ಮುಂದೆ ತಾನೇನೂ ಮಾಡಲಾರೆ ಎಂದು ಒಡೀಲಿಯಾಗೆ ಪತ್ರ ಬರೆದ. ಬರೆದು ಮುಗಿಸಿದಾಗ ಮನಸ್ಸು ಹಗುರವಾಗಿತ್ತು. ಆ ಹಗುರಕ್ಕಾಗಿ ಅವನು ಇಂದಿಗೂ ತನ್ನನ್ನು ಕ್ಷಮಿಸಿಲ್ಲ.

ನಾಣ್ಯ ಕೈಗೆ ಬಂತು.

“ಇನ್ನು ನಿನ್ನ ಹತ್ರಾನೇ ಇರ್ಲಿ,” ಎಂದರು ಅಪ್ಪ. “ನನ್ನ ಮಕ್ಕಳಲ್ಲಿ ಕೆಡದೆ ಉಳಿದೋನು ನೀನೊಬ್ನೇ ಕಣೋ.”

“ಅಪ್ಪಾ, ಇದು...”

“ಹೂಂ?” ಅಪ್ಪನ ಕಣ್ಣು ತುಂಬಿತ್ತು.

“ಒಳ್ಳೇ ಚಿನ್ನ.”

ಪಕ್ಕದ ಮನೆಯಾಕೆ ಬಗ್ಗಿ ನೋಡಿದಳು. “ಹಿಂದ್ಗಡೆ ಏನೂ ಇಲ್ವಲ್ಲ?”

“ಮುತ್ತಿಗೇಲಿ ಒಂದೇ ಕಡೆ ಒತ್ತೋರು. ಇನ್ನೊಂದು ಕಡೆಗೆ ಪುರುಸೊತ್ತೆಲ್ಲಿ?” ಎಂದ ಬಸ್ತಿಯಾನ್.

ಅವನು ಮುಷ್ಟಿ ಬಿಗಿದ. ಎಲ್ಲರೂ ಎದ್ದು ಅಭಿನಂದಿಸಲು ಸಾಲಾಗಿ ಬಂದರು. ನಾಣ್ಯವನ್ನು ಎಡಗೈಗೆ ದಾಟಿಸಿ ಬಲಗೈ ಬಿಚ್ಚಿದ. ಅಂಗೈಯಲ್ಲಿ ನಾಲ್ಕು ಮೂಲೆಗಳು ಕೆಂಪಗೆ ಊರಿದ್ದವು. ಬೋಳು ಮಗ್ಗುಲು ಒತ್ತಿದ್ದ ನಡುಭಾಗದಲ್ಲಿ ಏನೂ ಮೂಡಿರಲಿಲ್ಲ. ಆ ಕೈಯನ್ನೇ ಒಬ್ಬೊಬ್ಬರಾಗಿ ಕುಲುಕಿದರು.