ಹಾಕ್ತಾ ಹಾಕ್ತಾ ಹಿಗ್ಗುತ್ತೆ

“ಸ್ಕೂಲಲ್ಲಿ ತಲೆ ಬೆಳೀಲಿಲ್ಲ, ಬರೀ ಪಾದ ಬೆಳೆಸ್ಕೊಂಡು ಬಂದ್ಯೇನೋ?”

ಎರಕದ ಶೆಡ್ಡಿನ ನಟ್ಟನಡುವೆ ನಿಂತು ಫೋರ್‌ಮನ್ ಕೂಗಿದ. ಅಚ್ಚಿಗೆ ಮರಳು ಬಡಿಯುತ್ತಿದ್ದವರು ಕೈ ನಿಲ್ಲಿಸಿ ನಕ್ಕರು. ಬೈಸಿಕೊಂಡ ಹುಡುಗ ಒಂದು ಬೂಟಿನೊಳಗೆ ಅರ್ಧ ಕಾಲು ತೂರಿಸಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು ಕೊಕ್ಕರೆಯ ಹಾಗೆ ನಿಂತಿದ್ದ. ಶೆಡ್ಡಿನಲ್ಲಿ ಎಲ್ಲರೂ ಅವನನ್ನು ಬದಲಿ ಅಂತಲೇ ಕರೆಯುತ್ತಿದ್ದರು. ಸತ್ತ ಅಣ್ಣನ ಕೆಲಸ ಅವನಿಗೆ ಸಿಕ್ಕಿತ್ತು. ಅಣ್ಣನ ಬೂಟೂ ಜೊತೆಗೇ ಬಂದಿತ್ತು.

“ಒಂದು ನಂಬರ್ ದೊಡ್ಡದು ಕೊಡಿ ಸಾರ್.”

“ಆ ಜಾಗಕ್ಕೆ ಈ ವರ್ಷದ ಬೂಟು ಕೊಟ್ಟಾಗಿದೆ. ನಿಮ್ಮಣ್ಣ ಇದರಲ್ಲೇ ಇದ್ದ, ಒಂದು ದಿನಾನೂ ಕುಂಯ್ ಅನ್ನಲಿಲ್ಲ. ನಾಳೆ ರಜೆ, ಹೆಂಗಾದ್ರೂ ಮಾಡಿ ಹಿಗ್ಗಿಸ್ಕೊಂಡು ಬಾ. ಅವನ ಥರ ಮಾತ್ರ ದಾರ ಬಿಚ್ಕೊಂಡು ಕೂರಬೇಡ.”

ನಗು ಅಲ್ಲಿಗೇ ನಿಂತಿತು. ಊಟದ ಹೊತ್ತಿನಲ್ಲಿ ಕ್ರೇನಿನಿಂದ ಅಚ್ಚಿನ ಪೆಟ್ಟಿಗೆ ಜಾರಿದಾಗ ಅಣ್ಣ ಕೆಳಗೇ ಕೂತಿದ್ದ. ಎದ್ದು ಓಡಹೋದವನು ತನ್ನ ಬೂಟಿನ ದಾರ ತಾನೇ ತುಳಿದು ಮುಗ್ಗರಿಸಿದ. ಎದೆ ಜಜ್ಜಿಹೋಗಿತ್ತು. ಬೂಟಿಗೆ ಒಂದು ಗೀರೂ ಬಿದ್ದಿರಲಿಲ್ಲ. ಸತ್ತವನದೇ ಅಜಾಗರೂಕತೆ ಅಂತ ಆಫೀಸಿನವರು ಕೈ ತೊಳೆದುಕೊಂಡರು. ತಮ್ಮನೂ ಅದನ್ನೇ ನಂಬಿದ್ದ. ದಾರ ಕಟ್ಟಿಕೊಳ್ಳೋಕೆ ಏನು ಧಾಡಿಯಾಗಿತ್ತು ಇವನಿಗೆ ಅಂತ ಅಣ್ಣನ ಮೇಲೇ ಹಲ್ಲು ಕಡಿಯುತ್ತಿದ್ದ.

ರಜೆಯ ದಿನ ಮಧ್ಯಾಹ್ನ ಅತ್ತಿಗೆ ಹಳೇ ಪೇಪರಿನ ಕಟ್ಟನ್ನೂ ಒಂದು ಬೋಗುಣಿ ನೀರನ್ನೂ ತಂದಿಟ್ಟಳು. ಅವನು ಪೇಪರನ್ನು ನೆನೆಸಿ, ಹಿಂಡಿ, ಉಂಡೆ ಮಾಡಿ ಬೂಟಿನೊಳಗೆ ತುರುಕತೊಡಗಿದ. ಒದ್ದೆಯಾದ ತೊಗಲಿನಿಂದ ಬೆವರಿನ ವಾಸನೆ ಎದ್ದಿತು. ಅದು ಅವನ ಬೆವರಲ್ಲ. ಇನ್ನೊಂದು ಉಂಡೆ ಒತ್ತಿದಾಗ ತೊಗಲು ಕಿರ್ ಅಂದಿತು. ಒಲೆಯ ಮುಂದಿದ್ದ ಅತ್ತಿಗೆ ಸಟ್ಟನೆ ಬಾಗಿಲ ಕಡೆ ತಿರುಗಿದಳು. ಆಮೇಲೆ, ತಿರುಗಬಾರದಿತ್ತು ಅನ್ನುವ ಹಾಗೆ, ಒಣಗಿದ್ದ ಕೈಯನ್ನೇ ಒರೆಸಿಕೊಂಡಳು.

“ಇಲ್ಲಿ ಒಳಗಡೆ ಏನೋ ಹರಿದಿದೆ ಅತ್ತಿಗೆ.”

“ಹರಿದಿದ್ದಲ್ಲ. ಅವರೇ ಬ್ಲೇಡಲ್ಲಿ ಕುಯ್ಕೊಂಡಿದ್ದು.”

ಅವನು ಉಂಡೆ ಕಿತ್ತು ಮತ್ತೆ ಬೆರಳಾಡಿಸಿದ. ಕಿರುಬೆರಳು ಕೂರುವ ಕಡೆ ಒಳಗಿನ ಅಸ್ತರನ್ನು ಅಡ್ಡಡ್ಡ, ಉದ್ದುದ್ದ ಸೀಳಿದ್ದು ಕೈಗೆ ಹತ್ತಿತು. ಸೀಳಿನ ಅಂಚು ಗಡುಸಾಗಿ ಮುರುಟಿತ್ತು, ಹೊರತೆಗೆದ ಬೆರಳಿಗೆ ಹಳೇ ರಕ್ತದ ಕಂದು ಅಂಟಿತ್ತು. ಇನ್ನೊಂದು ಬೂಟಿನಲ್ಲೂ ಅಷ್ಟೇ.

“ಅಣ್ಣನಿಗೂ ಬಿಗಿನಾ?”

“ನಿನ್ನಷ್ಟೇ ಕಾಲು ತಾನೇ ಅವರದ್ದೂ? ಬೇರೆ ಜೊತೆ ಕೊಡಿ ಅಂತ ಕೇಳಿದ್ರಂತೆ. ‘ಹಾಕ್ತಾ ಹಾಕ್ತಾ ಹಿಗ್ಗುತ್ತೆ’ ಅಂದ್ರಂತೆ ನಿಮ್ಮ ಫೋರ್‌ಮನ್. ಊಟಕ್ಕೆ ಕೂತಾಗ ದಾರ ಬಿಚ್ಚಿದ್ರೆ ಹೋದ ಜೀವ ಬಂದ ಹಾಗಾಗುತ್ತೆ ಅಂತಿದ್ರು.”

“ಇಷ್ಟು ದಿನ ಯಾಕೆ ಹೇಳ್ಲಿಲ್ಲ ನೀವು?”

“ಯಾರು ಕೇಳಿದ್ರು?”

ಉಂಡೆ ತುಂಬಿ, ದಾರ ಬಿಗಿದು, ಬೂಟುಗಳನ್ನು ಹೊಸ್ತಿಲ ಪಕ್ಕ ನೆರಳಿನಲ್ಲಿಟ್ಟ. ಒಳಗೆ ಬರಲೋ ಬೇಡವೋ ಅಂತ ಯಾರೋ ನಿಂತುಬಿಟ್ಟ ಹಾಗಿತ್ತು. ತೊಗಲು ಆಗಾಗ ಕಿರ್ ಅನ್ನುತ್ತಿತ್ತು. ಇಬ್ಬರೂ ಅತ್ತ ನೋಡದೆ, ಅವನ್ನು ಸುತ್ತುಹಾಕಿಕೊಂಡೇ ಓಡಾಡಿದರು.

ಬೆಳಿಗ್ಗೆ ಉಂಡೆಗಳನ್ನು ಅತ್ತಿಗೆಯೇ ಒಂದೊಂದಾಗಿ ಎಳೆದು ತೆಗೆದಳು.

“ಆ ಫೋರ್‌ಮನ್ ಇವತ್ತೇನಾದ್ರೂ ಬಾಯಿ ಬಿಟ್ರೆ ನಾನು ಸುಮ್ಮನಿರಲ್ಲ ಅತ್ತಿಗೆ. ಆದ್ರೆ ಮನೇಲಿ ಇರೋದೇ ಈ ಒಂದು ಸಂಬಳ.”

ಕೈಯಲ್ಲಿದ್ದ ಉಂಡೆಯ ಮೇಲೆ ಕಾಲ್ಬೆರಳುಗಳ ಆಕಾರ ಮೂಡಿತ್ತು. ಅದನ್ನೇ ನೋಡುತ್ತಾ ಅವಳು, “ಸಂಜೆ ಈ ಬೂಟು ಮನೆಗೆ ಬರೋದು ಬೇಡ,” ಅಂದಳು. ಉಂಡೆಯನ್ನು ಬದಿಗಿಟ್ಟು, “ನಾನೂ ಎಲ್ಲಾದ್ರೂ ಕೆಲಸ ಕೇಳ್ತೀನಿ,” ಅಂದಳು.

ಬೂಟು ಹಿಗ್ಗಿತ್ತು. ಅವನು ಶೆಡ್ಡಿನೊಳಗೆ ಕಾಲಿಟ್ಟಾಗ ಬೂಟಿನ ಆ ಕಿರ್ ಸಪ್ಪಳಕ್ಕೆ ನಾಲ್ಕೈದು ಜನ ತಲೆಯೆತ್ತಿ, ಅವನ ಮುಖ ಕಂಡು ತಲೆ ತಗ್ಗಿಸಿದರು.

“ಏನೋ ಬದಲಿ, ಹಿಗ್ತಾ? ಇಷ್ಟಕ್ಕೇ ಅಳ್ತಿದ್ಯಲ್ಲೋ!” ಫೋರ್‌ಮನ್ ಸುತ್ತಲಿನವರ ಕಡೆ ಕಣ್ಣು ಹೊಡೆದ. “ಹಾಕ್ತಾ ಹಾಕ್ತಾ ಹಿಗ್ಗುತ್ತೆ ಕಣೋ. ಎಲ್ರಿಗೂ ಅದನ್ನೇ ಹೇಳೋದು ನಾನು.”

ಅವನು ಅಲ್ಲೇ ಕೂತು ದಾರ ಬಿಚ್ಚಿದ. ಎರಡೂ ಬೂಟು ಕಳಚಿ ಫೋರ್‌ಮನ್ ಮೇಜಿನ ಮೇಲಿಟ್ಟ.

“ಒಳಗೆ ಕೈ ಹಾಕಿ ನೋಡಿ ಸಾರ್. ಕಿರುಬೆರಳಿನ ಹತ್ರ.”

“ಏನೋ, ಚೇಳು ಬಿಟ್ಟಿದ್ದೀಯಾ?” ಅಂತ ನಗುತ್ತಲೇ ಫೋರ್‌ಮನ್ ಕೈ ಹಾಕಿದ. ಬೆರಳುಗಳು ಒಳಗೆ ತಡಕಾಡಿ ನಿಂತವು. ನಗು ಮಾತ್ರ ಸ್ವಲ್ಪ ಹೊತ್ತು ಮುಖದ ಮೇಲೆ ಹಾಗೇ ಉಳಿದಿತ್ತು, ಆರಿಸಲು ಮರೆತ ದೀಪದ ಹಾಗೆ. ಮರಳು ಬಡಿಯುವ ಸದ್ದು ಎಲ್ಲೂ ಇರಲಿಲ್ಲ.

“ಯಾರೋ ಕುಯ್ದಿದ್ದು ಇದನ್ನ? ಲೋ! ಬರಿಗಾಲಲ್ಲಿ ಎಲ್ಲಿಗೋ ಹೊರಟೆ? ನಿನ್ನೇ ಕೇಳ್ತಿರೋದು!”

ಕೈ ಇನ್ನೂ ಬೂಟಿನೊಳಗೇ ಇತ್ತು. ನೆಲದ ಕಪ್ಪು ಮರಳಿನ ಮೇಲೆ ಅಗಲವಾದ ಹೆಜ್ಜೆಗಳು, ಐದೂ ಬೆರಳು ಬಿಡಿಬಿಡಿಯಾಗಿ, ಒಂದರ ಮುಂದೊಂದು ಮೂಡುತ್ತಾ ಬಾಗಿಲಿನವರೆಗೂ ಹೋದವು.