ಖಾಲಿ ಕರಡಿಗೆ

ತೀರಿಕೊಂಡ ಬಸವರಾಜೇಶ್ವರಿಯವರ ಮೈ ತೊಳೆಯುತ್ತಿದ್ದ ಮುದುಕಿ ಅವರ ಕೊರಳಿನ ಲಿಂಗದ ಬೆಳ್ಳಿ ಕರಡಿಗೆಯ ಮುಚ್ಚಳಕ್ಕೆ ಉಗುರು ಹಾಕಿದ್ದೇ ತಡ, ಸುಮನಾ ಆಕೆಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಲಿಂಗವನ್ನು ತಾನೇ ತೊಳೆಯುತ್ತೇನೆ, ಸೀರೆ ಉಡಿಸುವುದೂ ತನಗೇ ಇರಲಿ, ನೀವೆಲ್ಲ ಸ್ವಲ್ಪ ಹೊರಗೆ ಕೂತಿರಿ ಎಂದಳು. ಹೆಂಗಸರು ಮುಖ ಮುಖ ನೋಡಿಕೊಂಡು ಎದ್ದರು. ಗಂಡನ ಅಕ್ಕನ ಮೇಲೆ ಇವಳಿಗೆ ಇಷ್ಟು ಪ್ರೀತಿ ಯಾವಾಗಿನಿಂದ ಬಂತೋ ಎಂದು ಒಬ್ಬಾಕೆ ಬಾಗಿಲು ದಾಟುವ ಮೊದಲೇ ಗೊಣಗಿದ್ದು ಸುಮನಾಳ ಕಿವಿಗೂ ಬಿತ್ತು.

ಸೀರೆ ಉಡಿಸಿ, ತಲೆ ಬಾಚಿ, ಹಣೆಗೆ ವಿಭೂತಿ ಹಚ್ಚಿದ ಮೇಲೆ ಗಂಡನನ್ನು ಒಳಗೆ ಕರೆದು ಕದ ಹಾಕಿಕೊಂಡಳು. ಕರಡಿಗೆ ತೆರೆದು ತೋರಿಸಿದಳು. ಅದರೊಳಗೆ ಏನೂ ಇರಲಿಲ್ಲ.

ಓಂಕಾರಪ್ಪನವರು ಮರ್ಯಾದಸ್ಥರು. ಗಾಂಧಿ ಬಜಾರಿನಲ್ಲಿ ತಂದೆಯ ಕಾಲದ ಬಟ್ಟೆ ಅಂಗಡಿ, ದುರ್ಗಿಗುಡಿಯಲ್ಲಿ ಸ್ವಂತ ಮನೆ, ಸಮಾಜದ ಟ್ರಸ್ಟಿನ ಅಧ್ಯಕ್ಷಗಿರಿ, ಎಲ್ಲ ಉಂಟು. ಮರ್ಯಾದಸ್ಥರಿಗೆ ಇದೊಂದು ರೋಗ, ಅಳುವ ಹೊತ್ತಿನಲ್ಲೂ ಮೊದಲು ಹೆದರಿಕೆಯೇ ಬರುತ್ತದೆ. ಬೆಳಗಿನಿಂದ ಅಕ್ಕನಿಗಾಗಿ ಕಣ್ಣೊರೆಸಿಕೊಳ್ಳುತ್ತಿದ್ದವರು ಈಗ ಕದದ ಚಿಲಕ ಸರಿಯಾಗಿ ಬಿದ್ದಿದೆಯೇ ಎಂದು ತಿರುಗಿ ನೋಡಿದರು.

"ಎಲ್ಲೋ ಬಿದ್ದಿರಬೇಕು ಮಾರಾಯ್ತಿ. ಹಾಸಿಗೆ ಕೊಡವಿ ನೋಡು."

"ಬಿದ್ದಿಲ್ಲ ರೀ. ಹತ್ತು ವರ್ಷ ಆಯ್ತು. ಆವತ್ತು ಭದ್ರಾವತಿಯಿಂದ ಬರ್ತಾ ತಮ್ಮ ಲಿಂಗಾನ ಹೊಳೆಗೆ ಬಿಟ್ಟು ಬಂದ್ರು. ಮಕ್ಕಳ ಕೊರಳಿಂದ ಬಿಚ್ಚಿದ ಕೈಗೆ ಇದ್ಯಾಕೆ ಅಂದ್ರು. ನಿಮಗೆ ಹೇಳ್ಬೇಡ ಅಂತ ನನ್ನ ಹತ್ರ ಭಾಷೆ ತಗೊಂಡಿದ್ರು."

ಆವತ್ತು ಅಂದರೆ ಯಾವತ್ತು ಎಂದು ಓಂಕಾರಪ್ಪ ಕೇಳಲಿಲ್ಲ. ಸುಮನಾ ದೇವರ ಗೂಡಿನಿಂದ ಒಂದು ಬಿಳಿ ಬಟ್ಟೆಯ ಗಂಟು ತಂದು ಬಿಚ್ಚಿದಳು. ಒಂಬತ್ತು ಇಷ್ಟಲಿಂಗಗಳು. ಮೇಲೆ ನಿನ್ನೆಯ ವಿಭೂತಿ, ಇನ್ನೂ ಬಾಡದ ಬಿಲ್ವಪತ್ರೆ. ಅಕ್ಕ ದಿನಾ ಬೆಳಿಗ್ಗೆ ಕದ ಹಾಕಿಕೊಂಡು ಪೂಜೆ ಮಾಡುತ್ತಿದ್ದದ್ದು ಇವಕ್ಕೆ ಎಂದಳು.

ಮಧ್ಯಾಹ್ನದ ಹೊತ್ತಿಗೆ ಸಂಸ್ಕಾರ ಮಾಡಿಸಲು ಅಯ್ಯನವರು ಬರುತ್ತಾರೆ. ಅಕ್ಕನನ್ನು ನಡುಮನೆಯಲ್ಲಿ ಕೂರಿಸಿ, ನೂರು ಜನರೆದುರು ಎಡ ಅಂಗೈಯಲ್ಲಿ ಲಿಂಗವಿಡಬೇಕು. ಹುಟ್ಟಿದಾಗ ಕಟ್ಟಿದ ಲಿಂಗ ಎಲ್ಲಿ ಎಂದು ಯಾರಾದರೂ ಒಬ್ಬರು ಬಾಯಿ ತೆರೆದರೂ ಸಾಕು, ಹತ್ತು ವರ್ಷದ ಹಿಂದಿನದೆಲ್ಲ ಎದ್ದು ಬರುತ್ತದೆ. ಓಂಕಾರಪ್ಪ ಹಿತ್ತಲ ಬಾಗಿಲಿನಿಂದ ಹೊರಬಿದ್ದು ಸ್ಕೂಟರ್ ಹತ್ತಿದರು. ಮನೆಯಲ್ಲಿ ಅಕ್ಕನ ಶರೀರ ಇಟ್ಟುಕೊಂಡು ತಮ್ಮನಾದವನು ಗಾಂಧಿ ಬಜಾರಿಗೆ ಹೋದದ್ದು ಯಾಕೆಂದು ಅಂಗಳದಲ್ಲಿ ಕೂತಿದ್ದ ಯಾರಿಗೂ ತಿಳಿಯಲಿಲ್ಲ.

*

ಬಸವರಾಜೇಶ್ವರಿ ಭದ್ರಾವತಿಯ ಸರ್ಕಾರಿ ಪ್ರೈಮರಿ ಶಾಲೆಯಲ್ಲಿ ಟೀಚರಾಗಿದ್ದರು. ಮದುವೆಯಾಗಲಿಲ್ಲ. ಏಪ್ರಿಲ್ ಬಂತೆಂದರೆ ಬೇರೆ ಟೀಚರುಗಳು ತವರಿಗೆ ಹೋಗುತ್ತಿದ್ದರು, ಇವರು ಮಾತ್ರ ತಮ್ಮನ ಮನೆಯಿಂದ ಎಂದಿನ ಬಸ್ಸಿಗೇ ಓಡುತ್ತಿದ್ದರು. ಶಾಲೆ ಮುಚ್ಚಿದರೆ ಬಿಸಿಯೂಟವೂ ನಿಲ್ಲುತ್ತದೆ ಎಂಬುದು ಅವರ ತಲೆಯಲ್ಲಿ ಕೂತುಬಿಟ್ಟಿತ್ತು. ಕಾರ್ಖಾನೆಯ ಹಳೆಯ ಕ್ವಾರ್ಟರ್ಸ್ ಹಿಂದಿನ ಶೀಟಿನ ಮನೆಗಳಲ್ಲಿ ಅಪ್ಪ ಕಂಟ್ರಾಕ್ಟ್ ಕೂಲಿಗೆ, ಅಮ್ಮ ಪಾತ್ರೆ ತೊಳೆಯಲು ಹೋದ ಮೇಲೆ ಮಕ್ಕಳು ಬೀದಿಯಲ್ಲೇ. ಅಲ್ಲೇ ಪಕ್ಕದಲ್ಲಿ ಟ್ರಸ್ಟಿನ ಸಮುದಾಯ ಭವನ ಇತ್ತು. ಮದುವೆಯ ಸೀಸನ್ನಿನಲ್ಲಿ ಭವನವನ್ನು ಹುಡುಗರ ಕೈಗೆ ಕೊಡುವುದೇ ಎಂದು ಕಮಿಟಿಯವರು ಕೊಂಯ್‍ಕೊಂಯ್ ಅಂದರೂ, ಅಧ್ಯಕ್ಷರ ಅಕ್ಕ ಎಂಬ ಕಾರಣಕ್ಕೆ ಮಕ್ಕಳ ಬೇಸಿಗೆ ಶಿಬಿರಕ್ಕೆ ಹಿಂದಿನ ಊಟದ ಹಾಲ್ ಸಿಕ್ಕಿತು.

ಶಿಬಿರ ಬೆಳಿಗ್ಗೆ ನಲ್ಲಿಯ ಕೆಳಗಿನ ಸ್ನಾನದಿಂದ ಶುರುವಾಗುತ್ತಿತ್ತು. ಹಣೆಗೆ ಮೂರು ಬೆರಳು ವಿಭೂತಿ, ಪ್ರಾರ್ಥನೆ, ಆಮೇಲೆ ಉಪ್ಪಿಟ್ಟು. ಉಪ್ಪಿಟ್ಟಿನ ಆಸೆಗೇ ಪ್ರಾರ್ಥನೆ ಮಾಡುತ್ತಾರೆ ಎಂದು ಯಾರೋ ಗೇಲಿ ಮಾಡಿದ್ದಕ್ಕೆ, ಮಾಡಲಿ ಬಿಡಿ, ಹಸಿದವರ ಪ್ರಾರ್ಥನೆ ಬೇಗ ಕೇಳಿಸುತ್ತೆ ಅಂದಿದ್ದರು ಟೀಚರ್. ಮನೆಯಲ್ಲಿ ತಮಿಳು, ತೆಲುಗು ಆಡುವ ಮಕ್ಕಳು ಇಲ್ಲಿ ಕನ್ನಡದಲ್ಲಿ ಜಗಳವಾಡುವುದನ್ನು ಕಲಿತರು. ಹತ್ತನೇ ಕ್ಲಾಸು ಫೇಲಾದ ದೊಡ್ಡ ಹುಡುಗರು, ಹುಡುಗಿಯರು ಸಣ್ಣವರಿಗೆ ಮಗ್ಗಿ ಹೇಳಿಕೊಡುತ್ತಾ ತಾವೂ ಮತ್ತೆ ಪರೀಕ್ಷೆಗೆ ಕಟ್ಟಿದರು.

ಕೊನೆಯ ದಿನ ಓಂಕಾರಪ್ಪ ಕಾರಿನಲ್ಲಿ ಬಂದು ಭಾಷಣ ಮಾಡಿ ಕಲ್ಲುಸಕ್ಕರೆ ಹಂಚುತ್ತಿದ್ದರು. ಅವರ ಕೈ ಮಕ್ಕಳ ಅಂಗೈಗಿಂತ ಒಂದು ಮೊಳ ಮೇಲೇ ನಿಲ್ಲುತ್ತಿತ್ತು, ಅಲ್ಲಿಂದ ಕಲ್ಲುಸಕ್ಕರೆ ಬೀಳುತ್ತಿತ್ತು. ಮಕ್ಕಳಿಗೆ ಅದೊಂದು ಆಟ. ಕ್ಯಾಚ್ ಹಿಡಿದು ನಗುತ್ತಿದ್ದವು.

"ಓಂಕಾರ, ಕೈ ಸ್ವಲ್ಪ ಕೆಳಗಿಳಿಸು," ಎಂದು ಒಮ್ಮೆ ಅಕ್ಕ ಕಿವಿಯ ಹತ್ತಿರ ಹೇಳಿದ್ದರು. ಓಂಕಾರಪ್ಪನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಅಪ್ಪ ಹಾಗೆ ಕೊಡುತ್ತಿದ್ದರು, ಅಜ್ಜ ಹಾಗೆ ಕೊಡುತ್ತಿದ್ದರು.

ಹತ್ತು ವರ್ಷದ ಹಿಂದಿನ ಶಿಬಿರದಲ್ಲಿ ಒಂಬತ್ತು ಮಕ್ಕಳು ತಮಗೂ ಲಿಂಗ ಬೇಕೆಂದರು. ಅಪ್ಪ ಅಮ್ಮಂದಿರು ಒಪ್ಪಿದರು. ಯಾರು ಕೇಳಿದರೂ ಕೊಡಬಹುದು, ಅದಕ್ಕೇ ಅಲ್ಲವೇ ಈ ಧರ್ಮ ಹುಟ್ಟಿದ್ದು ಎಂದು ಟೀಚರ್ ಅಯ್ಯನವರನ್ನು ಕರೆಸಿ ದೀಕ್ಷೆ ಕೊಡಿಸಿದರು. ಇದು ಕಟ್ಟಿದ ಮೇಲೆ ಸಾಯುವವರೆಗೂ ಮೈಯಿಂದ ದೂರ ಮಾಡಬಾರದು ಎಂದು ಒಬ್ಬೊಬ್ಬರಿಗೂ ಹೇಳಿದರು.

ವಾರದೊಳಗೆ ಬಟ್ಟೆ ಅಂಗಡಿಯ ಮಹಡಿಯಲ್ಲಿ ಮೀಟಿಂಗ್ ಆಯಿತು. ಇವತ್ತು ಲಿಂಗ, ನಾಳೆ ನಮ್ಮ ಪಂಕ್ತಿ, ನಾಡಿದ್ದು ಹೆಣ್ಣು ಕೇಳುತ್ತಾರೆ ಎಂದು ಪರಮೇಶ್ ಎಂಬ ಕಮಿಟಿ ಮೆಂಬರು ಮೇಜು ಕುಟ್ಟಿದ. ಯಾರೂ ಆ ಮಕ್ಕಳ ಜಾತಿಯ ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ಓಂಕಾರಪ್ಪ ಮನೆಗೆ ಬಂದು ಅಕ್ಕನಿಗೆ ಹೇಳಿದರು: ಒಂದೋ ಲಿಂಗ ವಾಪಸ್ ಬರಬೇಕು, ಇಲ್ಲದಿದ್ದರೆ ಭವನದ ಬೀಗ. ಉಳಿದ ಅರವತ್ತು ಮಕ್ಕಳ ಅನ್ನ ನೋಡುತ್ತೀಯೋ, ಈ ಒಂಬತ್ತರ ಹಟ ನೋಡುತ್ತೀಯೋ, ನೀನೇ ಯೋಚನೆ ಮಾಡು.

ಅಕ್ಕ ಎರಡು ದಿನ ಊಟ ಮಾಡಲಿಲ್ಲ. ಮೂರನೆಯ ದಿನ ಕಾರು ತೆಗಿ ಅಂದರು.

ಓಂಕಾರಪ್ಪ ಕಾರಿನ ಗಾಜು ಏರಿಸಿ ಎಸಿ ಹಾಕಿಕೊಂಡು ಕೂತಿದ್ದರು. ಬೇವಿನ ಮರದ ಕೆಳಗೆ ಮಕ್ಕಳನ್ನು ಸೇರಿಸಿಕೊಂಡು ಅಕ್ಕ ಏನೋ ಹೇಳುವುದು ಕಾಣುತ್ತಿತ್ತು. ಹೇಳಿದ್ದು ಸುಳ್ಳು, ಅದನ್ನು ಬರುವ ದಾರಿಯಲ್ಲಿ ಇಬ್ಬರೂ ಸೇರಿ ಹೊಂದಿಸಿದ್ದರು. ಲಿಂಗದ ಮೇಲಿನ ಕಪ್ಪು ಲೇಪ ಬಿರುಕು ಬಿಟ್ಟಿದೆ, ಅಂಗಡಿಯವನು ಮೋಸ ಮಾಡಿದ್ದಾನೆ, ಸರಿಮಾಡಿಸಿ ಕೊಡುತ್ತೇನೆ. ಆ ಗುಂಪಿನಲ್ಲಿ ದೊಡ್ಡವಳು ಭವಾನಿ, ಹತ್ತನೇ ಕ್ಲಾಸು ಎರಡನೇ ಸಲ ಕಟ್ಟಿದವಳು. ಅವಳು ಟೀಚರನ್ನು ನೋಡಿದಳು, ಕಾರನ್ನು ನೋಡಿದಳು. ಮತ್ತೆ ಏನೂ ಕೇಳದೆ ತಾನೇ ಮೊದಲು ಕುತ್ತಿಗೆ ಬಗ್ಗಿಸಿದಳು. ಅವಳ ಹಿಂದೆ ಸಣ್ಣವರು ಉಪ್ಪಿಟ್ಟಿಗೆ ನಿಲ್ಲುವ ಹಾಗೆ ಸಾಲಾಗಿ ನಿಂತರು.

ವಾಪಸ್ ಬರುವಾಗ ಅಕ್ಕ ಸೇತುವೆಯ ಮೇಲೆ ಕಾರು ನಿಲ್ಲಿಸಲು ಹೇಳಿ ಇಳಿದು ಹೋಗಿ ಭದ್ರೆಗೆ ಏನೋ ಹಾಕಿ ಬಂದರು. ಪೂಜೆಯ ಹೂವಿರಬೇಕು ಅಂದುಕೊಂಡರು ಓಂಕಾರಪ್ಪ. ಅದಕ್ಕಿಂತ ಹೆಚ್ಚು ಅಂದುಕೊಳ್ಳುವ ಧೈರ್ಯ ಅವರಿಗಿರಲಿಲ್ಲ.

ಶಿಬಿರ ಮಾತ್ರ ನಿಲ್ಲಲಿಲ್ಲ. ಹೋದ ಬೇಸಿಗೆಯವರೆಗೂ ನಡೆಯಿತು.

*

ಬಜಾರಿನಿಂದ ತಂದ ಹೊಸ ಲಿಂಗವನ್ನು ಓಂಕಾರಪ್ಪ ಒಳಕೋಣೆಯಲ್ಲಿ ಶಿವಯೋಗಿ ಅಯ್ಯನವರ ಮುಂದಿಟ್ಟರು. ಅಕ್ಕನದು ಎಲ್ಲೋ ಕಳೆದುಹೋಗಿದೆ, ಇದಕ್ಕೆ ಸಂಸ್ಕಾರ ಮಾಡಿ ಇಟ್ಟುಬಿಡಿ ಎಂದರು. ಅಯ್ಯನವರಿಗೆ ಎಪ್ಪತ್ತು ದಾಟಿದೆ. ಹತ್ತು ವರ್ಷದ ಹಿಂದೆ ಆ ಮಕ್ಕಳಿಗೆ ದೀಕ್ಷೆ ಕೊಟ್ಟವರು ಇವರೇ. ಆಮೇಲೆ ನಡೆದದ್ದು ಇವರಿಗೂ ಗೊತ್ತು. ಗೊತ್ತಿದ್ದೂ ಸುಮ್ಮನಿದ್ದವರು. ಸುಮನಾ ಗಂಟನ್ನು ತಂದು ಪಕ್ಕದಲ್ಲಿಟ್ಟು ವಿಷಯ ಹೇಳಿದಾಗ ಅವರು ಹೊಸ ಲಿಂಗವನ್ನು ಆಚೆ ಸರಿಸಿದರು.

"ಅವರು ಹತ್ತು ವರ್ಷ ಪೂಜೆ ಮಾಡಿದ್ದು ಇವಕ್ಕೆ. ಇವು ಇರೋವಾಗ ಅಂಗಡಿದು ಯಾಕಪ್ಪ?"

"ಹಾಗಾದ್ರೆ ಇದರಲ್ಲೇ ಒಂದು ಇಡಿ ಬುದ್ಧಿ."

"ನನಗೂ ನಿನಗೂ ಆ ಅಧಿಕಾರ ಇಲ್ಲ. ಇವು ಬೇರೆಯವರವು. ಕೇಳಿ ತಗೋಬೇಕು." ಅಯ್ಯನವರು ಬಾಗಿಲ ಕಡೆ ಕೈ ತೋರಿಸಿದರು, "ಹೊರಗೆ ಬಂದಿದ್ದಾರಲ್ಲ, ನೋಡ್ಲಿಲ್ವಾ?"

ಓಂಕಾರಪ್ಪ ನೋಡಿದ್ದರು. ಸ್ಕೂಟರ್ ನಿಲ್ಲಿಸುವಾಗಲೇ ನೋಡಿದ್ದರು. ಭದ್ರಾವತಿಯಿಂದ ಬಂದ ಒಂದಿಪ್ಪತ್ತು ಜನ ಗೇಟಿನ ಹೊರಗೆ, ಚಪ್ಪಲಿಗಳ ರಾಶಿಯ ಪಕ್ಕ ನಿಂತಿದ್ದರು. ಅಂಗಳದಲ್ಲಿ ಬೇಕಾದಷ್ಟು ಖಾಲಿ ಕುರ್ಚಿಗಳಿದ್ದವು. ಒಳಗೆ ಬನ್ನಿ ಎಂದು ಯಾರೂ ಕರೆದಿರಲಿಲ್ಲ, ಕರೆಯದೆ ಅವರೂ ಬಂದಿರಲಿಲ್ಲ. ಅವರ ಮುಂದೆ ಭವಾನಿ ಇದ್ದಳು. ಮಾಚೇನಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರ್ ಅವಳು, ಶಿಫ್ಟಿನಿಂದ ನೇರ ಬಂದಿದ್ದಳೋ ಏನೋ, ಕೊರಳಲ್ಲಿ ಇನ್ನೂ ಐಡಿ ಕಾರ್ಡು ನೇತಾಡುತ್ತಿತ್ತು. ಪ್ರತಿ ಮೇ ತಿಂಗಳೂ ರಜೆ ಹಾಕಿ ಶಿಬಿರದಲ್ಲಿ ಉಪ್ಪಿಟ್ಟು ತಿರುವಲು ಬರುತ್ತಿದ್ದವಳು ಅವಳೇ ಎಂದು ಸುಮನಾ ಹೇಳಿದಳು. ಅದೂ ಓಂಕಾರಪ್ಪನಿಗೆ ಗೊತ್ತಿರಲಿಲ್ಲ.

ಅವರು ಗೇಟಿಗೆ ನಡೆದರು. ಅಂಗಳದ ಮಾತುಗಳು ಒಂದೊಂದಾಗಿ ನಿಂತವು. ಪರಮೇಶ್ ಕುರ್ಚಿಯಿಂದ ಅರ್ಧ ಎದ್ದು ಮತ್ತೆ ಕೂತ. ಬಟ್ಟೆ ವ್ಯಾಪಾರದಲ್ಲಿ ಎಂಥ ಗಿರಾಕಿಯನ್ನಾದರೂ ಒಪ್ಪಿಸುತ್ತಿದ್ದ ಓಂಕಾರಪ್ಪ ಇಲ್ಲಿ ಗೇಟಿನ ಸರಳು ಹಿಡಿದುಕೊಂಡರು.

"ಅಕ್ಕನ ಕೈಗೆ ಇಡೋಕೆ ಲಿಂಗ ಇಲ್ಲಮ್ಮ," ಎಂದರು ಕೊನೆಗೆ. "ಅವಳದು ಇಲ್ಲ. ನಿಮ್ಮವು ಇವೆ. ಎಲ್ಲ ಜೋಪಾನವಾಗಿ ಇಟ್ಟಿದ್ದಾಳೆ. ಒಂದು… ನೀವು ಒಪ್ಪಿದ್ರೆ…"

ಬೈದುಬಿಟ್ಟಿದ್ದರೆ ವಾಸಿಯಿತ್ತು. ಭವಾನಿ ಬೈಯಲಿಲ್ಲ.

"ಲೇಪ ಸರಿ ಹೋಯ್ತಾ ಸರ್?"

ಓಂಕಾರಪ್ಪ ಗೇಟಿನ ಚಿಲಕ ತೆಗೆದರು.

"ಆವತ್ತೇ ಗೊತ್ತಿತ್ತು ಸರ್ ನಂಗೆ. ನಾನು ಬಗ್ಗದಿದ್ರೆ ಸಣ್ಣವರು ಅಳ್ತಿದ್ರು, ಟೀಚರ್ ಇನ್ನೂ ಅಳ್ತಿದ್ರು. ಹತ್ತು ವರ್ಷ ಪಕ್ಕದಲ್ಲೇ ನಿಂತು ಉಪ್ಪಿಟ್ಟು ಬಡಿಸಿದ್ವಿ. ಒಂದ್ಸಲನಾದ್ರೂ ಅವರು ನನ್ನ ಮುಖ ನೋಡಿ ಮಾತಾಡ್ಲಿಲ್ಲ. ನಾನಾದ್ರೂ ಕೇಳ್ಬೇಕಿತ್ತು. ಕೇಳಿದ್ರೆ ಅವರಿಗೆ ಹಗುರ ಆಗ್ತಿತ್ತೇನೋ. ಕೇಳ್ಲಿಲ್ಲ."

ಐಡಿ ಕಾರ್ಡಿನ ದಾರ ತೆಗೆದು ಜೇಬಿಗೆ ಹಾಕಿಕೊಂಡಳು. ಗೇಟು ತಳ್ಳಿ ಒಳಗೆ ಬಂದಳು. ಅವಳ ಹಿಂದೆ ಉಳಿದವರೂ ಬಂದರು.

"ಕೊಡಿ ಸರ್. ನಂದು ಯಾವ್ದು ಅಂತ ನಂಗೆ ಗೊತ್ತು. ಟೀಚರ್ ಕೈಲಿ ನಾನೇ ಇಡ್ತೀನಿ."

ಅಂಗಳದಲ್ಲಿ ಯಾರೂ ಬೇಡವೆನ್ನಲಿಲ್ಲ. ತೆರೆದ ಬಾಗಿಲಿನಾಚೆ ನಡುಮನೆಯಲ್ಲಿ ಬಸವರಾಜೇಶ್ವರಿ ಗೋಡೆಗೆ ಒರಗಿ ಕೂತಿದ್ದರು, ಎಡ ಅಂಗೈ ಮಡಿಲಲ್ಲಿ ತೆರೆದುಕೊಂಡಿತ್ತು. ಸುಮನಾ ತಂದುಕೊಟ್ಟ ಗಂಟನ್ನು ಓಂಕಾರಪ್ಪ ತೆಗೆದುಕೊಂಡರು. ಶಿಬಿರದಲ್ಲಿ ಕಲಿಸಿದ್ದಂತೆ ಭವಾನಿ ಎಡ ಅಂಗೈಯ ಕೆಳಗೆ ಬಲ ಅಂಗೈ ಇಟ್ಟು ಕೈ ಚಾಚಿದಳು.

ಓಂಕಾರಪ್ಪ ಕೊಡಲು ಕೈ ಮುಂದೆ ಮಾಡಿದರು. ಆಮೇಲೆ ನೋಡಿದರು. ಅವರ ಕೈ ಅವಳ ಅಂಗೈಗಿಂತ ಒಂದು ಮೊಳ ಮೇಲಿತ್ತು.