ಕಡಲ ಮರಳಿನ ಚೆಂಡು

ನಾನು ಒಂದು ಫುಟ್‌ಬಾಲ್. ಹುಟ್ಟಿದ್ದು ದೂರದ ಜಲಂಧರದಲ್ಲಿ, ಯಾರೋ ತಾಯಿಯ ಸೂಜಿ ದಾರಕ್ಕೆ. ಬೆಳೆದದ್ದು ಉಳ್ಳಾಲದ ಕಡಲ ಬದಿಯ ಒಂದು ಹೈಸ್ಕೂಲಿನಲ್ಲಿ. ಊರು ಕೇಳಿದರೆ ಉಳ್ಳಾಲ ಎಂದೇ ಹೇಳುತ್ತೇನೆ.

ನನ್ನನ್ನು ತಂದವರು ಹೊಸ ಕೋಚ್ ಫ್ಲೇವಿಯಾ ಟೀಚರ್. ಆ ಶಾಲೆಯ ತಂಡ ಒಮ್ಮೆಯೂ ತಾಲೂಕು ದಾಟಿರಲಿಲ್ಲ. ಈ ವರ್ಷವೂ ಸೋತರೆ ತಂಡವನ್ನೇ ನಿಲ್ಲಿಸುವುದೆಂದು ಹೆಡ್‌ಮಾಸ್ಟರ್ ಜಗನ್ನಾಥ ಶೆಟ್ಟರು ಕಡ್ಡಿ ಮುರಿದಂತೆ ಹೇಳಿದ್ದರು.

ಹುಡುಗರೆಲ್ಲ ಮರಳಿನಲ್ಲಿ ಆಡಿ ಬೆಳೆದವರು. ಮರಳಿನಲ್ಲಿ ಚೆಂಡು ಉರುಳುವುದಿಲ್ಲ. ಕಾಲ್ಬೆರಳಿನಿಂದ ಎತ್ತಿಯೇ ಕೊಡಬೇಕು. ಗಟ್ಟಿ ನೆಲದಲ್ಲೂ ಅದೇ ಚಾಳಿ. ಮೊದಲ ಅಭ್ಯಾಸ ಪಂದ್ಯದಲ್ಲಿ ನಾನು ಗೋಲಿಗಿಂತ ತೆಂಗಿನ ಮರಗಳನ್ನೇ ಹೆಚ್ಚು ನೋಡಿದೆ.

ಟೀಚರ್ ಬೈಯಲಿಲ್ಲ. ಗೋಲಿಗೆ ಅಡ್ಡಲಾಗಿ ಮೊಣಕಾಲೆತ್ತರಕ್ಕೆ ಮೀನಿನ ಬಲೆಯ ಹಗ್ಗ ಕಟ್ಟಿಸಿದರು. ಅದರ ಮೇಲಿಂದ ಹೊಡೆದವನು ಮೈದಾನಕ್ಕೆ ಒಂದು ಸುತ್ತು ಓಡಬೇಕು. ನಾಯಕ ಸಿನಾನ್ ಓಡಿದಷ್ಟು ಯಾರೂ ಓಡಲಿಲ್ಲ. ಮೆಲ್ಲಮೆಲ್ಲನೆ ನಾನು ನೆಲ ಬಿಡದೆ ಕಾಲಿನಿಂದ ಕಾಲಿಗೆ ಹರಿಯತೊಡಗಿದೆ. ಪಂದ್ಯದ ಮೇಲೆ ಪಂದ್ಯ ಗೆದ್ದೆವು. ರಜೆಯ ದಿನ ಮಾತ್ರ ಹುಡುಗರು ನನ್ನನ್ನು ಕದ್ದು ಕಡಲಿಗೆ ಒಯ್ದು ಹಳೆಯ ಆಟ ಆಡುತ್ತಿದ್ದರು. ಟೀಚರ್ ಕಂಡೂ ಕಾಣದಂತಿದ್ದರು.

ತಾಲೂಕು ಫೈನಲ್ ದಿನ ಜಡಿಮಳೆ. ರೆಫರಿ ಇದ್ದ ಚೆಂಡುಗಳನ್ನೆಲ್ಲ ಒತ್ತಿ ನೋಡಿ ನನ್ನನ್ನೇ ಆರಿಸಿದರು. ಜಂಬವೆಂದರೂ ಸರಿ, ಹೇಳಿಕೊಳ್ಳುತ್ತೇನೆ. ಆದರೆ ಮೈದಾನದ ತುಂಬ ನೀರು. ಕಲಿತ ಪಾಸುಗಳೆಲ್ಲ ಕೆಸರಿನಲ್ಲಿ ನಿಂತುಬಿಟ್ಟವು. ಅರ್ಧ ಆಟ ಮುಗಿದಾಗ ನಾವು ಒಂದು ಗೋಲು ಹಿಂದೆ. ಸಿನಾನ್ ತಲೆ ತಗ್ಗಿಸಿ ಕೂತಿದ್ದ.

“ನೀರಲ್ಲಿ ಬಾಲು ಓಡುದಿಲ್ಲ ಮಕ್ಕಳೇ. ಇನ್ನು ಕಡಲಿನ ಆಟ ಆಡಿ,” ಎಂದರು ಟೀಚರ್.

“ಎತ್ತಬೇಡಿ ಅಂತ ನೀವೇ ಹೇಳಿದ್ದಲ್ವಾ ಟೀಚರ್?” ಎಂದ ಸಿನಾನ್.

“ಹೌದು ಮಾರಾಯ. ಈಗ ಎತ್ತಿ ಅಂತ ಹೇಳುದು ಕೂಡ ನಾನೇ.”

ಆಮೇಲೆ ನಾನು ನೆಲ ಮುಟ್ಟಿದ್ದೇ ಅಪರೂಪ. ಬೆರಳಿನಿಂದ ಎದೆಗೆ, ಎದೆಯಿಂದ ತಲೆಗೆ. ಎದುರಿನವರು ಕೆಸರಿನಲ್ಲಿ ಹುಡುಕುವಾಗ ನಾನು ಅವರ ನೆತ್ತಿಯ ಮೇಲಿದ್ದೆ. ಮೊದಲು ಸಮ ಮಾಡಿದೆವು. ಕೊನೆಗಳಿಗೆಯಲ್ಲಿ ಸಿನಾನ್ ನನ್ನನ್ನು ಗೋಲ್‌ಕೀಪರನ ತಲೆಯ ಮೇಲಿಂದ ಮೆತ್ತಗೆ ಎತ್ತಿ ಬಲೆಗೆ ಹಾಕಿದ. ಅಷ್ಟು ಹೆಮ್ಮೆ ನನಗೆ ಹಿಂದೆಯೂ ಆಗಿರಲಿಲ್ಲ, ಮುಂದೆಯೂ ಆಗಲಿಲ್ಲ. ಕೊಡೆ ಬಿಸಾಡಿ ಮೊದಲು ಕುಣಿದವರು ಶೆಟ್ಟರೇ.

ಈಗ ವಯಸ್ಸಾಗಿದೆ. ಚರ್ಮ ಸುಲಿದಿದೆ, ಗಾಳಿ ನಿಲ್ಲುವುದಿಲ್ಲ. ಶೆಟ್ಟರ ಕೋಣೆಯ ಕಪಾಟಿನಲ್ಲಿ ಶೀಲ್ಡಿನ ಪಕ್ಕ ಕೂತಿದ್ದೇನೆ. ನನ್ನ ಹೊಲಿಗೆಯ ಸಂದುಗಳಿಂದ ಇನ್ನೂ ಕಡಲ ಮರಳು ಉದುರುತ್ತದೆ. ಎಷ್ಟು ಒರೆಸಿದರೂ ಹೋಗುವುದಿಲ್ಲವೆಂದು ಆಯಾ ಗೊಣಗಿದರೆ ಶೆಟ್ಟರು ಅವಳನ್ನು ತಡೆಯುತ್ತಾರೆ.

“ಅದು ಇರಲಿ. ನಮ್ಮ ತಂಡ ಉಳಿದದ್ದು ಅದರಿಂದ.”